ಕ್ಯೂಟಿಯ ಕ್ಯೂಚೆಕ್‌ಬಾಕ್ಸ್ ವಿಮರ್ಶೆ: ಸ್ವಭಾವ ತಿದ್ದುವುದು ಸುಲಭ, ಎಡವುವುದು ಬೇರೆ ಕಡೆ

ಡೆಸ್ಕ್‌ಟಾಪ್ ಅಪ್ಲಿಕೇಶನ್‌ನ ಪರದೆಯಲ್ಲಿ ಚೆಕ್‌ಬಾಕ್ಸ್‌ನಷ್ಟು ಸರಳವಾಗಿ ಕಾಣುವ ಭಾಗ ಇನ್ನೊಂದಿಲ್ಲ. ಒತ್ತಿದರೆ ಟಿಕ್ ಬರಬೇಕು, ಮತ್ತೆ ಒತ್ತಿದರೆ ಹೋಗಬೇಕು. ಅಷ್ಟು ಮಾತ್ರ ಬೇಕಿದ್ದರೆ ಯಾವ ಟೂಲ್‌ಕಿಟ್ (ಪರದೆಯ ಭಾಗಗಳನ್ನು ಸಿದ್ಧವಾಗಿ ಕೊಡುವ ಕೋಡ್ ಸಂಗ್ರಹ) ಆದರೂ ನಡೆಯುತ್ತದೆ. ತೊಡಕು ಶುರುವಾಗುವುದು ಆಮೇಲೆ. ‘ಎಲ್ಲವನ್ನೂ ಆಯ್ಕೆ ಮಾಡು’ ಎಂಬ ಚೌಕ ತನ್ನ ಕೆಳಗಿನ ಚೌಕಗಳ ಸ್ಥಿತಿಯನ್ನು ತೋರಿಸಬೇಕು. ಬ್ಯಾಕಪ್ ನಿಲ್ಲಿಸುವ ಮುಂಚೆ ಬಳಕೆದಾರರನ್ನು ಒಮ್ಮೆ ಕೇಳಬೇಕು. ಅನುಮತಿ ಇಲ್ಲದವರಿಗೆ ಟಿಕ್ ಕಾಣಬೇಕು, ಆದರೆ ಬದಲಾಗಬಾರದು. ಪಟ್ಟಿಯ ಸಾಲಿನಲ್ಲಿ ಎಲ್ಲಿ ಒತ್ತಿದರೂ ಟಿಕ್ ಬೀಳಬೇಕು. ಇಂಥ ಬೇಡಿಕೆಗಳಿಗೆ ಕ್ಯೂಟಿ ಎಂಬ ಸಿ++ ಟೂಲ್‌ಕಿಟ್‌ನ 6ನೇ ಆವೃತ್ತಿಯ ವಿಜೆಟ್ಸ್ ಭಾಗದಲ್ಲಿರುವ ಚೆಕ್‌ಬಾಕ್ಸ್ ಕ್ಲಾಸ್, ಅಂದರೆ ಕ್ಯೂಚೆಕ್‌ಬಾಕ್ಸ್, ಎಷ್ಟು ಬಗ್ಗುತ್ತದೆ ಎಂಬುದೇ ಈ ವಿಮರ್ಶೆಯ ವಿಷಯ. ಹೋಲಿಕೆಗೆ ಬೇರೆ ಟೂಲ್‌ಕಿಟ್‌ಗಳಾದ ವಿಂಡೋಸ್ ಫಾರ್ಮ್ಸ್, ಡಬ್ಲ್ಯೂಪಿಎಫ್, ಜಿಟಿಕೆ, ಟಿಕೆಇಂಟರ್ ಮತ್ತು ಜಾವಾಎಫ್‌ಎಕ್ಸ್ ಅಲ್ಲಲ್ಲಿ ಬರುತ್ತವೆ.

ಅಳತೆಗೋಲು ಒಂದೇ: ಬಳಕೆದಾರ ಒತ್ತಿದಾಗ ಮುಂದಿನ ಸ್ಥಿತಿ ಯಾವುದೆಂದು ತೀರ್ಮಾನವಾಗುವ ಜಾಗ ಒಂದೇ ಇದೆಯೇ? ಆ ಜಾಗವನ್ನು ಪ್ರೋಗ್ರಾಮರ್ ಕೈಗೆ ಕೊಟ್ಟಿದ್ದಾರೆಯೇ? ಸ್ಥಿತಿ ಬದಲಾದ ಮೇಲೆ ಸುದ್ದಿ ತಿಳಿಸುವ ಸಿಗ್ನಲ್ ಎಲ್ಲ ಟೂಲ್‌ಕಿಟ್‌ಗಳಲ್ಲೂ ಇದೆ. ಬದಲಾಗುವ ಮುಂಚೆ ನಮ್ಮನ್ನು ಕೇಳುವವು ಕಡಿಮೆ. ಆಮೇಲೆ ಕೇಳಿದರೆ ಟಿಕ್ ಒಮ್ಮೆ ಹೋಗಿ ಮತ್ತೆ ಬರುತ್ತದೆ, ಸಿಗ್ನಲ್ ಎರಡು ಸಲ ಹೊರಡುತ್ತದೆ, ನಡುವೆ ಒಂದು ತಪ್ಪು ಮೌಲ್ಯ ಡೇಟಾಬೇಸ್‌ಗೆ ಹೋಗಿ ಬಿದ್ದಿರುತ್ತದೆ.

ಕ್ಯೂಟಿ ಇಲ್ಲಿ ಗೆಲ್ಲುತ್ತದೆ. ಕ್ಯೂಚೆಕ್‌ಬಾಕ್ಸ್‌ನಲ್ಲಿ ನೆಕ್ಸ್ಟ್‌ಚೆಕ್‌ಸ್ಟೇಟ್ ಎಂಬ ವರ್ಚುವಲ್ ಫಂಕ್ಷನ್ (ನಾವು ಬದಲಿಸಿ ಬರೆಯಬಹುದಾದ ಫಂಕ್ಷನ್) ಇದೆ. ಮೌಸ್‌ನಿಂದ ಒತ್ತಿದರೂ, ಸ್ಪೇಸ್ ಕೀ ಒತ್ತಿದರೂ, ಲೇಬಲ್‌ನಲ್ಲಿ ಗೆರೆ ಎಳೆದ ಅಕ್ಷರವನ್ನು ಆಲ್ಟ್ ಜೊತೆ ಒತ್ತಿದರೂ, ಕೋಡ್‌ನಿಂದ ಕ್ಲಿಕ್ ಫಂಕ್ಷನ್ ಕರೆದರೂ ದಾರಿ ಇದೇ ಫಂಕ್ಷನ್ ಮೂಲಕ ಹಾಯುತ್ತದೆ. ಉಪಕ್ಲಾಸ್ ಮಾಡಿ (ಮೂಲ ಕ್ಲಾಸ್ ಆಧರಿಸಿ ನಮ್ಮದೊಂದು ಕ್ಲಾಸ್ ಬರೆದು) ಇದೊಂದನ್ನು ಓವರ್‌ರೈಡ್ ಮಾಡಿದರೆ, ಅಂದರೆ ನಮಗೆ ಬೇಕಾದಂತೆ ಮತ್ತೆ ಬರೆದರೆ, ಚೌಕದ ಸ್ವಭಾವ ನಮ್ಮದು. ಸಿ++ನಲ್ಲಿ ನಾಲ್ಕೈದು ಸಾಲು. ಕ್ಯೂಟಿಯನ್ನು ಪೈಥಾನ್‌ನಿಂದ ಬಳಸಲು ಇರುವ ಪೈಕ್ಯೂಟಿ, ಪೈಸೈಡ್‌ಗಳಲ್ಲೂ ಅದೇ ಹೆಸರಿನ ಮೆಥಡ್ ಬರೆದರೆ ಸಾಕು.

ಓವರ್‌ರೈಡ್ ಏಕೆ ಬೇಕಾಗುತ್ತದೆ ಎಂದರೆ, ಮೂರು ಸ್ಥಿತಿಯ ಚೌಕದ ಮೂಲ ನಡವಳಿಕೆ ಬಹುತೇಕ ಯಾರಿಗೂ ಬೇಡದ್ದು. ಕ್ಯೂಟಿಯಲ್ಲಿ ಟಿಕ್ ಇಲ್ಲ ಎಂದರೆ 0, ನಡುಸ್ಥಿತಿ 1, ಟಿಕ್ ಇದೆ ಎಂದರೆ 2. ಟ್ರೈಸ್ಟೇಟ್ (ಮೂರು ಸ್ಥಿತಿಯ ಸೌಲಭ್ಯ) ಆನ್ ಆಗಿದ್ದಾಗ ಪ್ರತಿ ಕ್ಲಿಕ್‌ಗೆ ಒಂದು ಕೂಡಿ 3ರಿಂದ ಭಾಗಿಸಿ ಉಳಿದ ಶೇಷವೇ ಹೊಸ ಸ್ಥಿತಿ. ಅಂದರೆ ಖಾಲಿ ಚೌಕವನ್ನು ಒತ್ತಿದರೆ ಮೊದಲು ಬರುವುದು ನಡುಸ್ಥಿತಿ. ‘ಎಲ್ಲವನ್ನೂ ಆಯ್ಕೆ ಮಾಡು’ ಚೌಕದಲ್ಲಿ ಅದಕ್ಕೆ ಅರ್ಥವೇ ಇಲ್ಲ, ಏಕೆಂದರೆ ನಡುಸ್ಥಿತಿ ಎನ್ನುವುದು ಬಳಕೆದಾರ ಆರಿಸುವ ಮೂರನೇ ಉತ್ತರವಲ್ಲ. ಕೆಳಗೆ ಕೆಲವಕ್ಕೆ ಟಿಕ್ ಇದೆ, ಕೆಲವಕ್ಕೆ ಇಲ್ಲ ಎಂಬ ವರದಿ. ಹತ್ತು ಕಡತಗಳಲ್ಲಿ ‘ಕೆಲವನ್ನು’ ಆರಿಸು ಎಂದರೆ ಪ್ರೋಗ್ರಾಂ ಯಾವುದನ್ನು ಆರಿಸಬೇಕು?

ಹಾಗಾಗಿ ಓವರ್‌ರೈಡ್‌ನಲ್ಲಿ ಬರೆಯಬೇಕಾದ ನಿಯಮ ಹೀಗಿರುತ್ತದೆ: ಈಗಿನ ಸ್ಥಿತಿ ಪೂರ್ಣ ಟಿಕ್ ಆಗಿದ್ದರೆ ಸೆಟ್‌ಚೆಕ್‌ಸ್ಟೇಟ್ ಕರೆದು ಟಿಕ್ ತೆಗೆ, ಖಾಲಿ ಅಥವಾ ನಡುಸ್ಥಿತಿಯಾಗಿದ್ದರೆ ಟಿಕ್ ಹಾಕು. ಮೂಲ ಕ್ಲಾಸ್‌ನ ಫಂಕ್ಷನ್ ಕರೆಯಬಾರದು, ಕರೆದರೆ ಸ್ಥಿತಿ ಎರಡು ಹೆಜ್ಜೆ ಮುಂದೆ ಹೋಗುತ್ತದೆ. ನಡುಸ್ಥಿತಿ ಕೋಡ್‌ನಿಂದ ಮಾತ್ರ ಬರುತ್ತದೆ, ಬಳಕೆದಾರನ ಕೈಯಿಂದ ಎಂದೂ ಬರುವುದಿಲ್ಲ.

ಉಪಕ್ಲಾಸ್ ಬೇಡವೆಂದು ಟ್ರೈಸ್ಟೇಟ್ ಆಫ್ ಮಾಡಿಟ್ಟು ಕೋಡ್‌ನಿಂದ ನಡುಸ್ಥಿತಿ ತೋರಿಸಲು ಹಲವರು ಹೋಗುತ್ತಾರೆ. ಇಲ್ಲೊಂದು ಬಲೆ ಇದೆ: ಸೆಟ್‌ಚೆಕ್‌ಸ್ಟೇಟ್‌ಗೆ ನಡುಸ್ಥಿತಿ ಕೊಟ್ಟ ಕ್ಷಣ ಕ್ಯೂಟಿ ತಾನೇ ಟ್ರೈಸ್ಟೇಟ್ ಆನ್ ಮಾಡುತ್ತದೆ, ಮತ್ತೆ ತಾನಾಗಿ ಆಫ್ ಮಾಡುವುದಿಲ್ಲ. ವಿಂಡೋ ತೆರೆದಾಗ ಚೌಕ ಸರಿಯಾಗಿಯೇ ನಡೆಯುತ್ತಿರುತ್ತದೆ. ಒಮ್ಮೆ ನಡುಸ್ಥಿತಿ ಕಂಡ ಮೇಲೆ ಮಾತ್ರ ಕ್ಲಿಕ್‌ಗಳು ಮೂರೂ ಸ್ಥಿತಿಗಳಲ್ಲಿ ಸುತ್ತತೊಡಗುತ್ತವೆ. ‘ಕೆಲವೊಮ್ಮೆ ಎರಡು ಸಲ ಒತ್ತಬೇಕಾಗುತ್ತದೆ’ ಎಂಬ ದೂರು ಬಂದರೆ ಮೊದಲು ನೋಡಬೇಕಾದ ಜಾಗ ಇದು. ಬೇಕೆಂದಾಗ ಟ್ರೈಸ್ಟೇಟ್ ಮತ್ತೆ ಆಫ್ ಮಾಡುವ ಉಪಾಯವೂ ಪೂರ್ತಿ ಒದಗುವುದಿಲ್ಲ: ಆಗ ನಡುಸ್ಥಿತಿಯಿಂದ ಒತ್ತಿದರೆ ಟಿಕ್ ಬರುವ ಬದಲು ಚೌಕ ಖಾಲಿಯಾಗುತ್ತದೆ.

ಅದಕ್ಕೆ ಕಾರಣವೇ ಎರಡನೇ ಬಲೆ. ಈಸ್‌ಚೆಕ್ಡ್ ಫಂಕ್ಷನ್ ನಡುಸ್ಥಿತಿಯಲ್ಲೂ ‘ಹೌದು’ ಎನ್ನುತ್ತದೆ. ಒಳಗೆ ಖಾಲಿಯಲ್ಲದ ಎಲ್ಲ ಸ್ಥಿತಿಯನ್ನೂ ಟಿಕ್ ಎಂದೇ ಲೆಕ್ಕ ಹಿಡಿಯಲಾಗಿದೆ. ಇದರ ಬಾಲ ಉದ್ದವಿದೆ: ನಡುಸ್ಥಿತಿಯಿಂದ ಪೂರ್ಣ ಟಿಕ್‌ಗೆ ಹೋದಾಗ ಟಾಗಲ್ಡ್ ಸಿಗ್ನಲ್ ಬರುವುದೇ ಇಲ್ಲ, ಏಕೆಂದರೆ ‘ಹೌದು’ ಇದ್ದದ್ದು ‘ಹೌದು’ ಆಗಿಯೇ ಉಳಿದಿದೆ. ಮೂರು ಸ್ಥಿತಿ ಇರುವಲ್ಲಿ ಈಸ್‌ಚೆಕ್ಡ್ ಮತ್ತು ಟಾಗಲ್ಡ್ ಎರಡನ್ನೂ ಬಿಟ್ಟುಬಿಡಬೇಕು. ಚೆಕ್‌ಸ್ಟೇಟ್ ಓದಿ, ಸ್ಟೇಟ್‌ಚೇಂಜ್ಡ್ ಕೇಳಿ. ಕ್ಯೂಟಿ 6.7ರಿಂದ ಚೆಕ್‌ಸ್ಟೇಟ್‌ಚೇಂಜ್ಡ್ ಎಂಬ ಹೊಸ ಸಿಗ್ನಲ್ ಇದೆ. ಅದು ಬರಿಯ ಸಂಖ್ಯೆಯ ಬದಲು ಸ್ಥಿತಿಯ ಎನಮ್ (ಹೆಸರಿಟ್ಟ ಮೌಲ್ಯ) ಅನ್ನೇ ಕೊಡುತ್ತದೆ. ಹಳೆಯ ಸಿಗ್ನಲ್‌ಗೆ 6.9ರಿಂದ ‘ಬಳಕೆ ಬಿಡಿ’ ಎಂಬ ಎಚ್ಚರಿಕೆ ಅಂಟಿದೆ. ಹೊಸ ಕೋಡ್ ಬರೆಯುವವರು ನೇರ ಹೊಸದಕ್ಕೇ ಹೋಗುವುದು ಒಳ್ಳೆಯದು.

ಪೈಥಾನ್‌ನಲ್ಲಿ ಬರೆಯುವವರಿಗೆ ಈ ಬದಲಾವಣೆ ಇನ್ನೂ ದೊಡ್ಡ ಉಪಕಾರ. ಪೈಕ್ಯೂಟಿ6ರಲ್ಲಿ ಎನಮ್‌ಗಳು ನಿಜವಾದ ಪೈಥಾನ್ ಎನಮ್‌ಗಳು, ಪೈಸೈಡ್6ರಲ್ಲಿ 6.4ರಿಂದ ಹಾಗೆಯೇ. ಹಳೆಯ ಸ್ಟೇಟ್‌ಚೇಂಜ್ಡ್ ಸಿಗ್ನಲ್ ಕೊಡುವುದು 2 ಎಂಬ ಸಂಖ್ಯೆಯನ್ನು. ಅದನ್ನು ಎನಮ್‌ನ ‘ಚೆಕ್ಡ್’ ಜೊತೆ ಹೋಲಿಸಿದರೆ ಉತ್ತರ ಯಾವಾಗಲೂ ‘ಅಲ್ಲ’. ದೋಷ ಸಂದೇಶ ಬರುವುದಿಲ್ಲ, ಎಕ್ಸೆಪ್ಶನ್ ಏಳುವುದಿಲ್ಲ, ಇಫ್ ಒಳಗಿನ ಸಾಲುಗಳು ಸುಮ್ಮನೆ ಓಡುವುದಿಲ್ಲ. ಪೈಕ್ಯೂಟಿ5ರಿಂದ ತಂದ ಕೋಡ್‌ನಲ್ಲಿ ಚೆಕ್‌ಬಾಕ್ಸ್ ಏನೂ ಮಾಡುತ್ತಿಲ್ಲ ಎಂದರೆ ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ ಎಂದು ಹಿಡಿದು ಹುಡುಕಬಹುದು. ಬಂದ ಸಂಖ್ಯೆಯನ್ನು ಎನಮ್ ಆಗಿ ಪರಿವರ್ತಿಸಿ ಹೋಲಿಸಿ, ಇಲ್ಲವೇ ಎನಮ್‌ನ ವ್ಯಾಲ್ಯೂ ತೆಗೆದು ಹೋಲಿಸಿ.

ಲೂಪ್‌ನಲ್ಲಿ ಹತ್ತಾರು ಚೌಕಗಳನ್ನು ಕಟ್ಟುವಾಗ ಪೈಥಾನ್‌ನದೇ ಇನ್ನೊಂದು ತೊಂದರೆ ಇದೆ. ಪ್ರತಿ ಚೌಕದ ಕ್ರಮಸಂಖ್ಯೆಯನ್ನು ಲ್ಯಾಂಬ್ಡಾದ (ಹೆಸರಿಲ್ಲದ ಪುಟ್ಟ ಫಂಕ್ಷನ್‌ನ) ಡಿಫಾಲ್ಟ್ ಆರ್ಗ್ಯುಮೆಂಟ್ ಆಗಿ ಹಿಡಿದಿಡುವ ಅಭ್ಯಾಸ ಎಲ್ಲರಿಗೂ ಇದೆ. ಆದರೆ ಟಾಗಲ್ಡ್ ಸಿಗ್ನಲ್ ಒಂದು ಹೌದು-ಅಲ್ಲ ಮೌಲ್ಯವನ್ನು ತಾನೇ ಕಳಿಸುತ್ತದೆ, ಅದು ಮೊದಲ ಆರ್ಗ್ಯುಮೆಂಟ್‌ನ ಜಾಗದಲ್ಲಿ ಕೂತು ಕ್ರಮಸಂಖ್ಯೆಯನ್ನು ತಳ್ಳಿಹಾಕುತ್ತದೆ. ಪರಿಣಾಮವಾಗಿ ಯಾವ ಚೌಕ ಒತ್ತಿದರೂ 0 ಅಥವಾ 1ನೇ ಸಾಲು ಬದಲಾಗುತ್ತದೆ. ಲ್ಯಾಂಬ್ಡಾದಲ್ಲಿ ಮೊದಲು ಸ್ಥಿತಿಗೆ ಒಂದು ಹೆಸರು ಕೊಟ್ಟು, ಆಮೇಲೆ ಕ್ರಮಸಂಖ್ಯೆ ಬರೆದರೆ ಸರಿಹೋಗುತ್ತದೆ.

ಈಗ ‘ಒತ್ತಿದರೂ ಬದಲಾಗಬೇಡ’ ಎನ್ನುವ ಬೇಡಿಕೆ. ನೆಕ್ಸ್ಟ್‌ಚೆಕ್‌ಸ್ಟೇಟ್ ಒಳಗೆ ಏನೂ ಮಾಡದೆ ಹಿಂದಿರುಗಿದರೆ ಸ್ಥಿತಿ ಇದ್ದಂತೆಯೇ ಇರುತ್ತದೆ, ಟಾಗಲ್ಡ್ ಆಗಲಿ ಸ್ಟೇಟ್‌ಚೇಂಜ್ಡ್ ಆಗಲಿ ಹೊರಡುವುದಿಲ್ಲ. ಆದರೆ ಕ್ಲಿಕ್ಡ್ ಸಿಗ್ನಲ್ ಹೊರಟೇ ಹೊರಡುತ್ತದೆ. ಅದರ ಅರ್ಥ ‘ಒತ್ತಲಾಯಿತು’ ಎಂದಷ್ಟೇ, ‘ಬದಲಾಯಿತು’ ಎಂದಲ್ಲ. ತಡೆ ಹಾಕಿರುವ ಚೌಕದಲ್ಲಿ ಮುಖ್ಯ ಕೆಲಸವನ್ನು ಕ್ಲಿಕ್ಡ್‌ಗೆ ಕಟ್ಟಿದರೆ ತಡೆ ಹಾಕಿಯೂ ಪ್ರಯೋಜನವಿಲ್ಲ.

ಒಪ್ಪಿಗೆ ಕೇಳುವ ಡೈಲಾಗ್ ಅನ್ನು ಇದೇ ಫಂಕ್ಷನ್ ಒಳಗೆ ಎಕ್ಸೆಕ್‌ನಿಂದ (ಉತ್ತರ ಬರುವ ತನಕ ಕಾಯುವ ಕರೆ) ತೆರೆಯುವವರಿದ್ದಾರೆ. ಕೆಲಸ ಆಗುತ್ತದೆ, ಆದರೆ ಕ್ಲಿಕ್ ಇನ್ನೂ ಅರ್ಧಕ್ಕೆ ನಿಂತಿರುವಾಗ ಅದರೊಳಗೆ ಇನ್ನೊಂದು ಈವೆಂಟ್ ಲೂಪ್ (ಕ್ಲಿಕ್, ಟೈಮರ್ ಮುಂತಾದವನ್ನು ಸ್ವೀಕರಿಸುವ ಸುತ್ತು) ತಿರುಗತೊಡಗುತ್ತದೆ. ಆ ಹೊತ್ತಿನಲ್ಲಿ ಟೈಮರ್ ಬಂದು ಚೌಕದ ಸ್ಥಿತಿ ಬದಲಿಸಬಹುದು, ವಿಂಡೋವೇ ಮುಚ್ಚಿಹೋಗಬಹುದು. ಭದ್ರವಾದ ದಾರಿ ಬೇರೆ: ಫಂಕ್ಷನ್ ಒಳಗೆ ಸ್ಥಿತಿ ಮುಟ್ಟದೆ ಡೈಲಾಗ್ ಅನ್ನು ಓಪನ್‌ನಿಂದ (ಕಾಯದ ಕರೆ) ತೆರೆದು ಹಿಂದಿರುಗಿ, ಬಳಕೆದಾರ ಒಪ್ಪಿದ ಸಿಗ್ನಲ್ ಬಂದಾಗ ಸೆಟ್‌ಚೆಕ್‌ಸ್ಟೇಟ್ ಕರೆಯಿರಿ. ಟಿಕ್ ಒಮ್ಮೆಯೂ ಮಿನುಗುವುದಿಲ್ಲ, ಸಿಗ್ನಲ್ ಒಂದೇ ಸಲ ಹೊರಡುತ್ತದೆ. ಸರ್ವರ್‌ನ ಒಪ್ಪಿಗೆ ಬೇಕಾದ ಸೆಟ್ಟಿಂಗ್‌ಗಳಿಗೂ ಇದೇ ಮಾದರಿ ಹೊಂದುತ್ತದೆ.

ಓದಲು ಮಾತ್ರ ಇರುವ ಚೌಕಕ್ಕೆ ಕ್ಯೂಟಿಯಲ್ಲಿ ನೇರ ಸೌಲಭ್ಯವಿಲ್ಲ, ಮತ್ತು ಇದು ನಿಜವಾದ ಕೊರತೆ. ಎನೇಬಲ್ಡ್ ತೆಗೆದರೆ ಬೂದು ಬಣ್ಣ ಬಂದು ಓದುವುದು ಕಷ್ಟ, ಟ್ಯಾಬ್ ಸರದಿಯಿಂದಲೂ ಚೌಕ ಹೊರಬೀಳುತ್ತದೆ. ಮೌಸ್ ಈವೆಂಟ್‌ಗಳಿಗೆ ಪಾರದರ್ಶಕ ಮಾಡಿ ಫೋಕಸ್ ತೆಗೆಯುವುದು ಒಂದು ದಾರಿ. ಉಪಕ್ಲಾಸ್‌ನಲ್ಲಿ ‘ಓದಲು ಮಾತ್ರ’ ಎಂಬ ಫ್ಲ್ಯಾಗ್ ಇಟ್ಟು ನೆಕ್ಸ್ಟ್‌ಚೆಕ್‌ಸ್ಟೇಟ್ ಖಾಲಿ ಬಿಡುವುದು ಇನ್ನೊಂದು; ಅದರಲ್ಲಿ ಫೋಕಸ್ ಉಳಿಯುತ್ತದೆ, ಒತ್ತಿದಾಗ ಒತ್ತಿದ ನೆರಳು ಮಾತ್ರ ಕಾಣುತ್ತದೆ. ಎರಡನೆಯದೇ ಮೇಲು, ಕೀಬೋರ್ಡ್‌ನಲ್ಲಿ ನಡೆಯುವವರಿಗೆ ಆ ಸಾಲು ಇದೆ ಎಂದಾದರೂ ತಿಳಿಯುತ್ತದೆ. ವಿಂಡೋಸ್ ಫಾರ್ಮ್ಸ್ ಇಲ್ಲಿ ಕ್ಯೂಟಿಯನ್ನು ಹಿಂದೆ ಹಾಕುತ್ತದೆ: ಆಟೋಚೆಕ್ ಎಂಬ ಗುಣವನ್ನು ಆಫ್ ಮಾಡಿದರೆ ಚೌಕ ತಾನಾಗಿ ಬದಲಾಗುವುದಿಲ್ಲ. ಹಾಗೇ ಬಿಟ್ಟರೆ ಓದಲು ಮಾತ್ರ, ಕ್ಲಿಕ್ ಈವೆಂಟ್‌ನಲ್ಲಿ ನಾವೇ ಚೆಕ್ಡ್ ಬದಲಿಸಿದರೆ ಪೂರ್ಣ ಹಿಡಿತ. ಉಪಕ್ಲಾಸ್ ಇಲ್ಲದೆ ಇಷ್ಟು ಕೊಡುವುದು ಅಚ್ಚುಕಟ್ಟು. ವಿಂಡೋಸ್‌ನ ಮೂಲ ಎಪಿಐ ಕಾಲದಿಂದಲೂ ತಾನಾಗಿ ಬದಲಾಗುವ ಚೆಕ್‌ಬಾಕ್ಸ್ ಮತ್ತು ಬದಲಾಗದ ಚೆಕ್‌ಬಾಕ್ಸ್ ಎರಡು ಬೇರೆ ಶೈಲಿಗಳಾಗಿಯೇ ಇವೆ.

ಆದರೆ ಮೂರು ಸ್ಥಿತಿಗೆ ಬಂದರೆ ವಿಂಡೋಸ್ ಫಾರ್ಮ್ಸ್‌ನಲ್ಲೂ ಅದೇ ಹಳೆಯ ಗೋಳು. ಅಲ್ಲೂ ನಡುಸ್ಥಿತಿಯಲ್ಲಿ ಚೆಕ್ಡ್ ‘ಹೌದು’ ಎನ್ನುತ್ತದೆ, ಟಿಕ್‌ನಿಂದ ನಡುಸ್ಥಿತಿಗೆ ಹೋದಾಗ ಚೆಕ್ಡ್‌ಚೇಂಜ್ಡ್ ಈವೆಂಟ್ ಬರುವುದಿಲ್ಲ, ಚೆಕ್‌ಸ್ಟೇಟ್‌ಚೇಂಜ್ಡ್ ಮಾತ್ರ ಬರುತ್ತದೆ. ಸುತ್ತುವ ಕ್ರಮ ಖಾಲಿ, ಟಿಕ್, ನಡುಸ್ಥಿತಿ. ಡಬ್ಲ್ಯೂಪಿಎಫ್‌ನಲ್ಲೂ ಇದೇ ಕ್ರಮ, ಆದರೆ ಅದರ ಈಸ್‌ಚೆಕ್ಡ್ ಹೌದು, ಅಲ್ಲ, ನಲ್ ಎಂಬ ಮೂರು ಮೌಲ್ಯ ಹಿಡಿಯುತ್ತದೆ. ಹಾಗಾಗಿ ನಡುಸ್ಥಿತಿ ಟಿಕ್‌ನ ವೇಷದಲ್ಲಿ ನುಸುಳುವುದಿಲ್ಲ. ಈ ಒಂದು ವಿಚಾರದಲ್ಲಿ ಡಬ್ಲ್ಯೂಪಿಎಫ್ ವಿನ್ಯಾಸವೇ ಎಲ್ಲಕ್ಕಿಂತ ಶುದ್ಧ. ನೆಕ್ಸ್ಟ್‌ಚೆಕ್‌ಸ್ಟೇಟ್‌ಗೆ ಸಮನಾದ ಆನ್‌ಟಾಗಲ್ ಎಂಬ ಫಂಕ್ಷನ್ ಅಲ್ಲೂ ಇದೆ, ಓವರ್‌ರೈಡ್ ಮಾಡಬಹುದು. ಮಾಡಬೇಕಾದೀತು ಕೂಡ, ಏಕೆಂದರೆ ಮೂಲದಲ್ಲಿ ನಡುಸ್ಥಿತಿಯಿಂದ ಒತ್ತಿದರೆ ಚೌಕ ಖಾಲಿಯಾಗುತ್ತದೆ: ಏಳು ಕಡತ ಆರಿಸಿಟ್ಟು ಉಳಿದ ಮೂರನ್ನೂ ಸೇರಿಸೋಣ ಎಂದು ‘ಎಲ್ಲವನ್ನೂ ಆಯ್ಕೆ ಮಾಡು’ ಎಂಬ ತಾಯಿ ಚೌಕ ಒತ್ತಿದವರ ಏಳೂ ಹೋಗಿಬಿಡುತ್ತವೆ.

ಡಬ್ಲ್ಯೂಪಿಎಫ್‌ನಲ್ಲಿ ಬಾಗಿಲು ಒಂದೇ ಅಲ್ಲ ಎಂಬುದು ಗೊತ್ತಿರಬೇಕು. ಎರಡೇ ಸ್ಥಿತಿಯ ಚೆಕ್‌ಬಾಕ್ಸ್ ಮೇಲೆ ಫೋಕಸ್ ಇದ್ದಾಗ ಪ್ಲಸ್ ಕೀ ಒತ್ತಿದರೆ ಟಿಕ್ ಬೀಳುತ್ತದೆ, ಮೈನಸ್ ಒತ್ತಿದರೆ ಹೋಗುತ್ತದೆ. ಈ ಕೀಗಳು ಆನ್‌ಟಾಗಲ್ ಅನ್ನು ಕೇಳುವುದಿಲ್ಲ, ಕ್ಲಿಕ್ ಈವೆಂಟ್ ಕೂಡ ಎಬ್ಬಿಸುವುದಿಲ್ಲ. ಮೌಲ್ಯವನ್ನು ನೇರವಾಗಿ ಬದಲಿಸುತ್ತವೆ. ಆನ್‌ಟಾಗಲ್‌ನಲ್ಲಿ ತಡೆ ಹಾಕಿದವರು ಆನ್‌ಕೀಡೌನ್ ಅನ್ನೂ ಓವರ್‌ರೈಡ್ ಮಾಡಿ ಈ ಕೀಗಳನ್ನು ಹಿಡಿಯಬೇಕು, ಅಂಕಿ ಫಲಕದ ಪ್ಲಸ್-ಮೈನಸ್ ಸೇರಿಸಿ. ಸ್ಕ್ರೀನ್ ರೀಡರ್ (ಪರದೆಯನ್ನು ಓದಿ ಹೇಳುವ ತಂತ್ರಾಂಶ) ಮೂಲಕ ಬರುವ ಟಾಗಲ್ ಕೋರಿಕೆ ಆನ್‌ಟಾಗಲ್ ಮೂಲಕವೇ ಹೋಗುತ್ತದೆ, ಆದರೆ ಕ್ಲಿಕ್ ಈವೆಂಟ್ ಎಬ್ಬಿಸುವುದಿಲ್ಲ. ಅದಕ್ಕೇ ಅಲ್ಲಿ ಮುಖ್ಯ ಕೆಲಸವನ್ನು ಕ್ಲಿಕ್‌ಗೆ ಕಟ್ಟಬಾರದು.

ಕ್ಯೂಟಿಗೂ ಇಂಥದ್ದೊಂದು ಹಿಂಬಾಗಿಲಿದೆ. ಟಾಗಲ್ ಎಂಬ ಸ್ಲಾಟ್ (ಸಿಗ್ನಲ್‌ಗೆ ಜೋಡಿಸಬಹುದಾದ ಫಂಕ್ಷನ್) ನೆಕ್ಸ್ಟ್‌ಚೆಕ್‌ಸ್ಟೇಟ್ ಕಡೆ ತಿರುಗಿಯೂ ನೋಡದೆ ಈಸ್‌ಚೆಕ್ಡ್ ತಿರುವಿ ಹಾಕುತ್ತದೆ, ಮತ್ತು ಸ್ಕ್ರೀನ್ ರೀಡರ್‌ನಂಥವು ಬಳಸುವ ಅಕ್ಸೆಸಿಬಿಲಿಟಿ ಪದರದಿಂದ ಬರುವ ಟಾಗಲ್ ಕೋರಿಕೆ ಈ ಸ್ಲಾಟ್‌ಗೇ ಬರುತ್ತದೆ. ಟಾಗಲ್ ವರ್ಚುವಲ್ ಅಲ್ಲ, ಓವರ್‌ರೈಡ್ ಆಗದು. ಆದ್ದರಿಂದ ತಡೆ ನಿಜಕ್ಕೂ ಮುಖ್ಯವಾಗಿರುವಲ್ಲಿ (ಅಳಿಸುವುದು, ಹಣ, ಅನುಮತಿ) ಚೆಕ್‌ಬಾಕ್ಸ್‌ನ ತಡೆಯೊಂದನ್ನೇ ನಂಬಬೇಡಿ. ಅದರ ಹಿಂದಿನ ಮಾಡೆಲ್‌ನಲ್ಲೂ (ಡೇಟಾ ಇಟ್ಟುಕೊಳ್ಳುವ ಭಾಗ) ಅದೇ ಪರೀಕ್ಷೆ ಇರಲಿ. ಮೌಸ್, ಸ್ಪೇಸ್, ಆಲ್ಟ್ ಅಕ್ಷರ, ಸ್ಕ್ರೀನ್ ರೀಡರ್, ಹೀಗೆ ನಾಲ್ಕೂ ದಾರಿಯಿಂದ ಒತ್ತಿ ನೋಡದ ಚೌಕವನ್ನು ಮುಗಿದ ಕೆಲಸ ಎನ್ನಲಾಗದು.

ತಾಯಿ ಚೌಕ ಮತ್ತು ಮರಿ ಚೌಕಗಳ ಜೋಡಣೆಯಲ್ಲಿ ಬಹಳ ಮಂದಿ ಸಿಕ್ಕಿಕೊಳ್ಳುವುದು ಸುತ್ತಿ ಬರುವ ಸಿಗ್ನಲ್‌ಗಳಲ್ಲಿ. ತಾಯಿ ಬದಲಾಗಿ ಮರಿಗಳನ್ನು ಬದಲಿಸುತ್ತದೆ, ಪ್ರತಿ ಮರಿ ಬದಲಾಗಿ ತಾಯಿಯನ್ನು ಬದಲಿಸುತ್ತದೆ. ಕ್ಯೂಸಿಗ್ನಲ್‌ಬ್ಲಾಕರ್ ಹಾಕಿ ಬಾಯಿ ಮುಚ್ಚಿಸುವುದು ಮೊದಲು ಹೊಳೆಯುವ ಉಪಾಯ, ಆದರೆ ಅದು ಆ ಚೌಕದ ಎಲ್ಲ ಸಿಗ್ನಲ್‌ಗಳನ್ನೂ ಎಲ್ಲರಿಂದಲೂ ತಡೆಯುತ್ತದೆ. ಮರಿ ಚೌಕದ ಟಾಗಲ್ಡ್ ಕೇಳಿ ಸೆಟ್ಟಿಂಗ್ ಉಳಿಸುವ ಬೇರೊಂದು ಭಾಗಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಪರದೆಯಲ್ಲಿ ಟಿಕ್ ಇದೆ, ಉಳಿಸಿದ್ದರಲ್ಲಿ ಇಲ್ಲ.

ಬಾಳಿಕೆ ಬರುವ ಜೋಡಣೆ ಹೀಗೆ. ಕ್ಯೂಟಿಯಲ್ಲಿ ಕ್ಲಿಕ್ಡ್ ಸಿಗ್ನಲ್ ಕೋಡ್‌ನಿಂದ ಸ್ಥಿತಿ ಬದಲಿಸಿದಾಗ ಹೊರಡುವುದಿಲ್ಲ, ಕ್ಲಿಕ್ ಆದಾಗ ಮಾತ್ರ ಹೊರಡುತ್ತದೆ. ಅದೂ ಸ್ಥಿತಿ ಬದಲಾದ ಮೇಲೆ. ಹಾಗಾಗಿ ತಾಯಿಯಿಂದ ಮರಿಗೆ ಹೋಗುವ ಕೆಲಸವನ್ನು ತಾಯಿಯ ಕ್ಲಿಕ್ಡ್‌ಗೆ ಕಟ್ಟಿ. ಮರಿಯಿಂದ ತಾಯಿಗೆ ಬರುವ ಲೆಕ್ಕವನ್ನು ಮರಿಗಳ ಟಾಗಲ್ಡ್‌ಗೆ ಕಟ್ಟಿ: ಟಿಕ್ ಇರುವ ಮರಿಗಳನ್ನು ಎಣಿಸಿ, ಸೊನ್ನೆ ಇದ್ದರೆ ಖಾಲಿ, ಎಲ್ಲವೂ ಇದ್ದರೆ ಟಿಕ್, ನಡುವೆ ಇದ್ದರೆ ನಡುಸ್ಥಿತಿ. ತಾಯಿಯ ಸ್ಥಿತಿ ಕೋಡ್‌ನಿಂದ ಬದಲಾಗುವುದರಿಂದ ಕ್ಲಿಕ್ಡ್ ಹೊರಡದು, ಸುತ್ತು ತಾನಾಗಿ ಕಡಿಯುತ್ತದೆ. ಒಂದೇ ಒಂದು ಸೇರ್ಪಡೆ ಬೇಕು. ತಾಯಿ ಒತ್ತಿದಾಗ 500 ಮರಿಗಳಿದ್ದರೆ ಲೆಕ್ಕ 500 ಸಲ ನಡೆಯುತ್ತದೆ, ಪ್ರತಿ ಲೆಕ್ಕವೂ 500 ಚೌಕ ಎಣಿಸುತ್ತದೆ, ಅಂದರೆ ಎರಡೂವರೆ ಲಕ್ಷ ಓದು. ನಡುವೆ ತಾಯಿ ಚೌಕ ನಡುಸ್ಥಿತಿಗೆ ಹೋಗಿ ಬರುತ್ತದೆ. ಲೂಪ್ ಶುರುವಾಗುವಾಗ ಒಂದು ಫ್ಲ್ಯಾಗ್ ಎತ್ತಿ, ಲೆಕ್ಕದ ಫಂಕ್ಷನ್ ಆ ಫ್ಲ್ಯಾಗ್ ಕಂಡರೆ ಹಿಂದಿರುಗಲಿ, ಲೂಪ್ ಮುಗಿದ ಮೇಲೆ ಒಂದೇ ಸಲ ಲೆಕ್ಕ ಹಾಕಿ.

ಮರದಾಕಾರದ ಪಟ್ಟಿಯಾಗಿದ್ದರೆ ಇಷ್ಟು ದುಡಿಮೆ ಬೇಡ. ಕ್ಯೂಟ್ರೀವಿಜೆಟ್‌ನ ತಾಯಿ ಐಟಂಗೆ ಐಟಂಈಸ್‌ಆಟೋಟ್ರೈಸ್ಟೇಟ್ ಫ್ಲ್ಯಾಗ್ ಕೊಟ್ಟರೆ ಮೇಲೆ-ಕೆಳಗಿನ ಹೊಂದಾಣಿಕೆ ಕ್ಯೂಟಿಯೇ ನೋಡಿಕೊಳ್ಳುತ್ತದೆ. ಅದೇ ಫ್ಲ್ಯಾಗ್ ಅನ್ನು ಕ್ಯೂಸ್ಟ್ಯಾಂಡರ್ಡ್‌ಐಟಂಮಾಡೆಲ್‌ನಲ್ಲಿ ಹಾಕಿ ಕಾದರೆ ಮಾತ್ರ ಏನೂ ಆಗುವುದಿಲ್ಲ. ಆ ಯಂತ್ರ ಇರುವುದು ಟ್ರೀವಿಜೆಟ್‌ನ ಐಟಂನಲ್ಲಿ.

ಪಟ್ಟಿ ಮತ್ತು ಟೇಬಲ್‌ಗಳಲ್ಲಿ ಕಾಣುವ ಚೌಕ ಕ್ಯೂಚೆಕ್‌ಬಾಕ್ಸ್ ಅಲ್ಲವೇ ಅಲ್ಲ, ಡೆಲಿಗೇಟ್ (ಪಟ್ಟಿಯ ಪ್ರತಿ ಖಾನೆಯನ್ನು ಚಿತ್ರಿಸುವ ಭಾಗ) ಬಿಡಿಸಿದ ಚಿತ್ರ. ಆದ್ದರಿಂದ ಮೇಲೆ ಹೇಳಿದ ಉಪಕ್ಲಾಸ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ತೀರ್ಮಾನವಾಗುವ ಜಾಗ ಡೆಲಿಗೇಟ್‌ನ ಎಡಿಟರ್‌ಈವೆಂಟ್. ಚೌಕದ ಚಿತ್ರದ ಮೇಲೆಯೇ ಮೌಸ್ ಬಿಟ್ಟಾಗ, ಇಲ್ಲವೇ ಸ್ಪೇಸ್ ಒತ್ತಿದಾಗ ಅದು ಸ್ಥಿತಿ ಬದಲಿಸುತ್ತದೆ. ಸಾಲಿನ ಎಲ್ಲಿ ಒತ್ತಿದರೂ ಬದಲಾಗಬೇಕೆಂದು ವ್ಯೂನ (ಪಟ್ಟಿ ತೋರಿಸುವ ಭಾಗದ) ಕ್ಲಿಕ್ಡ್ ಸಿಗ್ನಲ್ ಹಿಡಿದು ಸ್ಥಿತಿ ತಿರುವಿದರೆ, ಚೌಕದ ಮೇಲೆ ಸರಿಯಾಗಿ ಒತ್ತಿದವರಿಗೆ ಟಿಕ್ ಬೀಳುವುದೇ ಇಲ್ಲ: ಡೆಲಿಗೇಟ್ ಒಮ್ಮೆ ತಿರುವುತ್ತದೆ, ನಮ್ಮ ಕೋಡ್ ಮತ್ತೊಮ್ಮೆ ತಿರುವುತ್ತದೆ. ಎಡಿಟರ್‌ಈವೆಂಟ್ ಅನ್ನೇ ಓವರ್‌ರೈಡ್ ಮಾಡಿ ಮೌಸ್ ಬಿಟ್ಟ ಈವೆಂಟ್‌ಗೆ ಅಲ್ಲೇ ಸ್ಥಿತಿ ಬದಲಿಸಿ ‘ಮುಗಿಯಿತು’ ಎಂದು ಹಿಂದಿರುಗಿಸಿ. ಮಾಡೆಲ್ ಕಡೆ ಇನ್ನೊಂದು ನೆನಪು: ಚೌಕ ಬೇಡದ ಕಾಲಂಗೆ ಚೆಕ್‌ಸ್ಟೇಟ್ ರೋಲ್ ಕೇಳಿದಾಗ ಖಾಲಿ ಮೌಲ್ಯ ಹಿಂದಿರುಗಿಸಬೇಕು; ಸೊನ್ನೆ ಕೊಟ್ಟರೆ ಪ್ರತಿ ಕಾಲಂನಲ್ಲೂ ಖಾಲಿ ಚೌಕ ಮೂಡುತ್ತದೆ.

ವಿಂಡೋಸ್ ಫಾರ್ಮ್ಸ್‌ನ ಪಟ್ಟಿಗಳು ಇದಕ್ಕಿಂತ ಹೆಚ್ಚು ಕಾಡುತ್ತವೆ. ಚೆಕ್ಡ್‌ಲಿಸ್ಟ್‌ಬಾಕ್ಸ್‌ನಲ್ಲಿ ಮೊದಲ ಕ್ಲಿಕ್ ಸಾಲನ್ನು ಆರಿಸುತ್ತದೆ, ಎರಡನೆಯದು ಟಿಕ್ ಹಾಕುತ್ತದೆ. ಚೆಕ್‌ಆನ್‌ಕ್ಲಿಕ್ ಆನ್ ಮಾಡಿದರೆ ಮಾತ್ರ ಒಂದೇ ಕ್ಲಿಕ್. ಅದರ ಐಟಂಚೆಕ್ ಈವೆಂಟ್ ಬರುವುದು ಸ್ಥಿತಿ ಬದಲಾಗುವ ಮುಂಚೆ. ತಡೆಯಲು ಇದು ವರ: ಹೊಸ ಮೌಲ್ಯಕ್ಕೆ ಹಳೆಯದನ್ನೇ ಹಾಕಿದರೆ ಮುಗಿಯಿತು. ಎಣಿಸಲು ಇದು ಶಾಪ: ಆ ಕ್ಷಣ ಚೆಕ್ಡ್‌ಐಟಮ್ಸ್ ಎಣಿಸಿದರೆ ಲೆಕ್ಕ ಒಂದು ಹೆಜ್ಜೆ ಹಿಂದಿರುತ್ತದೆ. ಎಣಿಕೆಯನ್ನು ಬಿಗಿನ್‌ಇನ್‌ವೋಕ್ ಮೂಲಕ ಮುಂದಕ್ಕೆ ತಳ್ಳಬೇಕು. ಡೇಟಾಗ್ರಿಡ್‌ವ್ಯೂನಲ್ಲಿ ಟಿಕ್ ಕಂಡರೂ ಮೌಲ್ಯ ಒಳಗೆ ಸೇರುವುದು ಆ ಖಾನೆ ಬಿಟ್ಟು ಹೋದಾಗ. ಕರೆಂಟ್‌ಸೆಲ್‌ಡರ್ಟಿಸ್ಟೇಟ್‌ಚೇಂಜ್ಡ್ ಈವೆಂಟ್‌ನಲ್ಲಿ ಕಮಿಟ್‌ಎಡಿಟ್ ಕರೆದರೆ ಕೂಡಲೇ ಸೇರುತ್ತದೆ. ಬಿಡಿ ಚೆಕ್‌ಬಾಕ್ಸ್‌ಗೆ ಡೇಟಾ ಬೈಂಡಿಂಗ್ ಮಾಡಿದರೂ ಅದೇ ಕಥೆ, ಬೈಂಡಿಂಗ್‌ನ ಮೂಲ ವಿಧಾನ ವ್ಯಾಲಿಡೇಶನ್ ಹೊತ್ತಿಗೆ ಬರೆಯುವುದು. ಆನ್‌ಪ್ರಾಪರ್ಟಿಚೇಂಜ್ಡ್ ಎಂದು ಬದಲಿಸಿ. ಟ್ರೀವ್ಯೂನಲ್ಲಿ ಬೇಗ ಎರಡು ಸಲ ಒತ್ತಿದರೆ ಕಾಣುವ ಟಿಕ್ ಒಂದು, ಒಳಗಿನ ಮೌಲ್ಯ ಇನ್ನೊಂದು ಆಗುವ ಹಳೆಯ ದೋಷವಿದೆ. ಉಪಕ್ಲಾಸ್‌ನ ವಿಂಡೋ ಪ್ರೊಸೀಜರ್‌ನಲ್ಲಿ ಡಬಲ್ ಕ್ಲಿಕ್ ಸಂದೇಶವನ್ನು, ಅಂದರೆ ಹೆಕ್ಸ್ 203 ಅನ್ನು, ನುಂಗಿಬಿಡುವುದು ಎಲ್ಲರೂ ಬಳಸುವ ಮದ್ದು.

ಒತ್ತುವ ಜಾಗದ ವಿಸ್ತಾರಕ್ಕೆ ಕ್ಯೂಟಿ ಕೊಡುವ ಉತ್ತರ ಚಿಕ್ಕದು, ಚೊಕ್ಕದು. ಎಲ್ಲಿ ಒತ್ತಿದರೆ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಹಿಟ್‌ಬಟನ್ ತೀರ್ಮಾನಿಸುತ್ತದೆ. ಮೂಲದಲ್ಲಿ ಅದು ಸ್ಟೈಲ್ ಅನ್ನು ಕೇಳಿ, ಚೌಕ ಮತ್ತು ಅಕ್ಷರಗಳಿಗೆ ಸೀಮಿತವಾಗುತ್ತದೆ. ವಿಜೆಟ್‌ನ ಇಡೀ ಆಯತದೊಳಗೆ ಬಿಂದು ಇದೆಯೇ ಎಂದಷ್ಟೇ ನೋಡುವಂತೆ ಓವರ್‌ರೈಡ್ ಮಾಡಿದರೆ ಬಲಗಡೆಯ ಖಾಲಿ ಜಾಗವೂ ಕೆಲಸ ಮಾಡುತ್ತದೆ. ಲೇಬಲ್ ಇಲ್ಲದ ಚೌಕಗಳಿಗೆ ಇದು ಹೆಚ್ಚು ಅಗತ್ಯ. ವೆಬ್‌ಗಾಗಿ ಬರೆದ ಡಬ್ಲ್ಯೂಸಿಎಜಿ 2.2 ಎಂಬ ಅಕ್ಸೆಸಿಬಿಲಿಟಿ ಮಾರ್ಗಸೂಚಿ ಒತ್ತುವ ಗುರಿಗೆ ಕನಿಷ್ಠ 24ಕ್ಕೆ 24 ಪಿಕ್ಸೆಲ್ ಕೇಳುತ್ತದೆ, ಡೆಸ್ಕ್‌ಟಾಪ್‌ಗೂ ಅದು ಒಳ್ಳೆಯ ಅಳತೆ.

ಲೇಬಲ್ ವಿಚಾರದಲ್ಲಿ ಮಾತ್ರ ಕ್ಯೂಚೆಕ್‌ಬಾಕ್ಸ್ ನಿರಾಸೆ ಮಾಡುತ್ತದೆ. ಉದ್ದನೆಯ ವಾಕ್ಯ ಮುಂದಿನ ಸಾಲಿಗೆ ತಾನಾಗಿ ಮಡಚಿಕೊಳ್ಳುವುದಿಲ್ಲ, ವಿಂಡೋವನ್ನೇ ಅಗಲಕ್ಕೆ ಎಳೆಯುತ್ತದೆ. ಅನುವಾದಗೊಂಡ ಅಪ್ಲಿಕೇಶನ್‌ಗಳಲ್ಲಿ ಇದು ದಿನನಿತ್ಯದ ಗೋಳು. ಅಕ್ಷರವಿಲ್ಲದ ಚೌಕದ ಪಕ್ಕ ಮಡಚುವ ಕ್ಯೂಲೇಬಲ್ ಇಡುವುದು ರೂಢಿಯ ಪರಿಹಾರ. ಆದರೆ ಚೌಕವನ್ನು ಲೇಬಲ್‌ನ ‘ಬಡ್ಡಿ’ (ಜೊತೆಗಾರ) ಆಗಿ ಜೋಡಿಸಿದರೂ ಲೇಬಲ್ ಮೇಲೆ ಒತ್ತಿದರೆ ಟಿಕ್ ಬೀಳುವುದಿಲ್ಲ, ಅದು ಕೀಬೋರ್ಡ್ ಅಕ್ಷರಕ್ಕಷ್ಟೇ. ಲೇಬಲ್‌ಗೆ ಈವೆಂಟ್ ಫಿಲ್ಟರ್ ಹಾಕಿ ಚೌಕದ ಕ್ಲಿಕ್ ಕರೆಯಬೇಕು, ಜೊತೆಗೆ ಅಕ್ಸೆಸಿಬಲ್ ಹೆಸರು ಕೊಡಬೇಕು. ವಿಂಡೋಸ್ ಫಾರ್ಮ್ಸ್‌ನಲ್ಲಿ ಆಟೋಸೈಜ್ ಆಫ್ ಮಾಡಿ ಎತ್ತರ ಕೊಟ್ಟರೆ ಅಕ್ಷರಗಳು ಮಡಚಿಕೊಳ್ಳುತ್ತವೆ. ಡಬ್ಲ್ಯೂಪಿಎಫ್‌ನಲ್ಲಿ ಒಳಗೆ ಮಡಚುವಂತೆ ಹೊಂದಿಸಿದ ಟೆಕ್ಸ್ಟ್‌ಬ್ಲಾಕ್ ಇಟ್ಟರೆ ಆಯಿತು. ಕ್ಯೂಟಿಯಲ್ಲಿ ಇಷ್ಟು ಸಣ್ಣ ಸೌಲಭ್ಯ ಇಲ್ಲದಿರುವುದಕ್ಕೆ ಸಮರ್ಥನೆ ಕಾಣುವುದಿಲ್ಲ.

ನೋಟ ಬದಲಿಸಲು ಎರಡು ದಾರಿ. ಸ್ಟೈಲ್‌ಶೀಟ್‌ನಲ್ಲಿ ಇಂಡಿಕೇಟರ್ ಭಾಗಕ್ಕೆ ಗಡಿ ಅಥವಾ ಹಿನ್ನೆಲೆ ಕೊಟ್ಟ ತಕ್ಷಣ ಮೂಲ ಟಿಕ್ ಮಾಯವಾಗುತ್ತದೆ; ಚಿತ್ರವನ್ನು ನಾವೇ ಕೊಡಬೇಕು. ಟಿಕ್ ಇರುವುದು, ಇಲ್ಲದ್ದು, ನಡುಸ್ಥಿತಿ, ಇವುಗಳ ನಿಷ್ಕ್ರಿಯ ರೂಪ, ಹೀಗೆ ಆರು ಚಿತ್ರ ಬೇಕಾಗುತ್ತವೆ. ನಡುಸ್ಥಿತಿಯದನ್ನು ಮರೆತರೆ ಅದು ಖಾಲಿ ಚೌಕದಂತೆಯೇ ಕಂಡು ಬಳಕೆದಾರನಿಗೆ ಸುಳ್ಳು ಹೇಳುತ್ತದೆ. ಚಿತ್ರಗಳು ಎಸ್‌ವಿಜಿ ಆಗಿರಲಿ, ಕಪ್ಪು ಥೀಮ್‌ನಲ್ಲೂ ನೋಡಿ. ಗಾತ್ರ ಮತ್ತು ಅಂತರವಷ್ಟೇ ಬದಲಾಗಬೇಕಿದ್ದರೆ ಕ್ಯೂಪ್ರಾಕ್ಸಿಸ್ಟೈಲ್‌ನಲ್ಲಿ ಇಂಡಿಕೇಟರ್ ಅಗಲ, ಎತ್ತರ, ಲೇಬಲ್ ಅಂತರ ಎಂಬ ಮೂರು ಪಿಕ್ಸೆಲ್ ಅಳತೆ ಬದಲಿಸುವುದು ಶುಚಿಯಾದ ಕೆಲಸ. ಎರಡನ್ನೂ ಬೆರೆಸಬೇಡಿ, ಸ್ವಂತ ಸ್ಟೈಲ್ ಕ್ಲಾಸ್‌ಗಳ ಜೊತೆ ಸ್ಟೈಲ್‌ಶೀಟ್‌ಗೆ ಬೆಂಬಲವಿಲ್ಲ.

ಉಳಿದವುಗಳ ಬಗ್ಗೆ ಚುಟುಕಾಗಿ. ಜಿಟಿಕೆಯಲ್ಲಿ ನಡುಸ್ಥಿತಿ ಬರಿಯ ಚಿತ್ರ, ಒಳಗಿನ ಆಕ್ಟಿವ್ ಮೌಲ್ಯಕ್ಕೂ ಅದಕ್ಕೂ ನಂಟಿಲ್ಲ. ಬಳಕೆದಾರ ಒತ್ತಿದ ಮೇಲೆ ಅದನ್ನು ತೆಗೆಯುವುದೂ ನಮ್ಮ ಕೆಲಸವೇ. ಜಾವಾಎಫ್‌ಎಕ್ಸ್ ಕ್ಯೂಟಿಯಂತೆ ಖಾಲಿಯಿಂದ ನಡುಸ್ಥಿತಿಗೆ, ಅಲ್ಲಿಂದ ಟಿಕ್‌ಗೆ ಹೋಗುತ್ತದೆ. ಟಿಕೆಇಂಟರ್‌ನ ಟಿಟಿಕೆ ಚೆಕ್‌ಬಟನ್ ತೆರೆದ ಕೂಡಲೇ ನಡುಸ್ಥಿತಿ ತೋರಿಸಿದರೆ ಅದಕ್ಕೆ ಕಟ್ಟಿದ ವೇರಿಯಬಲ್‌ಗೆ ಮೌಲ್ಯವಿಲ್ಲ ಎಂದರ್ಥ. ಹೆಚ್ಚಿನ ಸಲ, ಫಂಕ್ಷನ್ ಒಳಗೆ ಮಾಡಿದ ಬೂಲಿಯನ್‌ವಾರ್ ಫಂಕ್ಷನ್ ಮುಗಿದಾಗ ಕಸವಾಗಿ ಹೋಗಿರುತ್ತದೆ. ಸೆಲ್ಫ್‌ಗೆ ಕಟ್ಟಿ ಇಟ್ಟುಕೊಂಡರೆ ಸರಿ.

ಕೊನೆಗೆ ಉಳಿಸುವ ವಿಷಯ. ಸ್ಥಿತಿಯನ್ನು ಸಂಖ್ಯೆಯಾಗಿ ಬರೆದಿಡಬೇಡಿ. ಕ್ಯೂಟಿಯಲ್ಲಿ 1 ಎಂದರೆ ನಡುಸ್ಥಿತಿ, ವಿಂಡೋಸ್‌ನಲ್ಲಿ 1 ಎಂದರೆ ಟಿಕ್, 2 ನಡುಸ್ಥಿತಿ. ಮ್ಯಾಕ್‌ನ ಎನ್‌ಎಸ್‌ಬಟನ್‌ನಲ್ಲಿ ನಡುಸ್ಥಿತಿ −1. ಒಂದು ಟೂಲ್‌ಕಿಟ್‌ನಿಂದ ಇನ್ನೊಂದಕ್ಕೆ ಅಪ್ಲಿಕೇಶನ್ ಸಾಗಿಸಿದ ದಿನ ಹಳೆಯ ಸೆಟ್ಟಿಂಗ್ ಕಡತಗಳೆಲ್ಲ ತಲೆಕೆಳಗಾಗುತ್ತವೆ. ಹೌದು-ಅಲ್ಲ ಮೌಲ್ಯವಾಗಿ ಬರೆಯಿರಿ, ಪೈಥಾನ್‌ನಲ್ಲಿ ಕ್ಯೂಸೆಟ್ಟಿಂಗ್ಸ್‌ನಿಂದ (ಸೆಟ್ಟಿಂಗ್ ಉಳಿಸುವ ಕ್ಯೂಟಿ ಕ್ಲಾಸ್) ಓದುವಾಗ ಟೈಪ್ ಬೂಲ್ ಎಂದು ಕೇಳಿ. ಇಲ್ಲದಿದ್ದರೆ ಐಎನ್‌ಐ ಕಡತದಿಂದ ‘ಫಾಲ್ಸ್’ ಎಂಬ ಅಕ್ಷರಮಾಲೆ ಬರುತ್ತದೆ, ಖಾಲಿಯಲ್ಲದ ಅಕ್ಷರಮಾಲೆಯನ್ನು ಪೈಥಾನ್ ‘ಹೌದು’ ಎಂದೇ ಓದುತ್ತದೆ. ತಾಯಿ ಚೌಕದ ಸ್ಥಿತಿಯನ್ನಂತೂ ಉಳಿಸಲೇಬೇಡಿ. ಮರಿಗಳನ್ನು ಓದಿ, ವಿಂಡೋ ತೋರಿಸುವ ಮುಂಚೆ ಲೆಕ್ಕದ ಫಂಕ್ಷನ್ ಒಮ್ಮೆ ಕರೆಯಿರಿ.